ಹಲ್ಲಿನ ವಿಮೆ, ವೈನಿಯ ಬಾಯಿ

ನಮ್ಮ ಕಂಪನಿ ಇನ್ನು ಮುಂದೆ ಹಲ್ಲಿಗೂ ವಿಮೆ ಮಾಡಿಸುತ್ತದಂತೆ ಎಂಬ ಸುದ್ದಿ ಬಂದ ದಿನ ಹೊಲಿಗೆಯ ಹಾಲ್‌ನಲ್ಲಿ ಮಷೀನುಗಳ ಸದ್ದಿಗಿಂತ ನಗುವಿನ ಸದ್ದೇ ಜಾಸ್ತಿಯಾಯಿತು. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯ ಮಗ್ಗುಲಿಗಿರುವ, ಅಂಗಿ ಹೊಲಿಯುವ ಕಂಪನಿ ನಮ್ಮದು. ರಾಯಬಾಗ, ಕಬ್ಬೂರ ಕಡೆಯಿಂದ ಕಂಪನಿಯ ಬಸ್ಸಿನಲ್ಲಿ ಬಂದು ಇಳಿಯುವವರು ಹೆಚ್ಚಾಗಿ ಹೆಂಗಸರೇ. ದೀಪಾವಳಿಗೆ ಒಂದು ಡಬ್ಬಿ ಸಿಹಿ, ಮಳೆಗಾಲಕ್ಕೆ ಒಂದು ಛತ್ರಿ ಬಿಟ್ಟರೆ ಕಂಪನಿಯವರು ತಾವಾಗಿ ಏನನ್ನೂ ಕೊಟ್ಟವರಲ್ಲ. ಹೀಗಿರುವಾಗ ಹಲ್ಲು ಅಂದರೆ ನಗು ಬರದೆ ಇನ್ನೇನು?

"ಪಗಾರ ಏರಸ್ರಿ ಅಂದ್ರ ಬಾಯಿ ತಗೀರಿ ಅಂತಾರಲ್ಲ ಇವ್ರು," ಎಂದಳು ನಮ್ಮ ವೈನಿ. "ಹಲ್ಲ ಇದ್ದವ್ರಿಗೆ ಕಡ್ಲಿ ಇಲ್ಲ, ಕಡ್ಲಿ ಇದ್ದವ್ರಿಗೆ ಹಲ್ಲ ಇಲ್ಲ ಅಂತಿದ್ರು. ಹಲ್ಲಂತೂ ಈಗ ಕಂಪನಿ ಕೊಡ್ತೈತಿ, ಕಡ್ಲಿ ಯಾರ್ ಕೊಡ್ತಾರ ಕೇಳ್ರಿ!"

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ತವರು ಐನಾಪುರ, ಕೊಟ್ಟದ್ದು ಕಬ್ಬೂರಿಗೆ. ನನ್ನ ಗಂಡ ತೀರಿಕೊಂಡು ನಾನು ಅಣ್ಣನ ಮನೆಗೆ ಬಂದಾಗ, ಮುಂದೇನು ಎಂದು ಅಣ್ಣ ತಲೆ ಹಿಡಿದುಕೊಂಡು ಕೂತಿದ್ದ. ಅವಳು ಮಾತ್ರ ಅವತ್ತೇ ತನ್ನ ಟ್ರಂಕಿನ ಅರ್ಧ ಖಾಲಿ ಮಾಡಿ ನನ್ನ ಸೀರೆ ಇಟ್ಟಳು. ಕಂಪನಿಗೆ ಕರೆದುಕೊಂಡು ಹೋಗಿ ಮಷೀನಿನ ಮುಂದೆ ಕೂರಿಸಿದವಳೂ ಅವಳೇ. ನಾಲ್ಕಕ್ಷರ ಹೆಚ್ಚು ಕಲಿತವಳೆಂದು ನಾನು ಮುಂದೆ ಲೈನಿನ ಸೂಪರ್‌ವೈಸರ್ ಆದೆ, ಅವಳು ಕಾಲರ್ ಹೊಲಿಯುತ್ತಲೇ ಉಳಿದಳು. ಅದಕ್ಕೆ ಅವಳಿಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. "ಏ ಮ್ಯಾಡಮ್, ಇಲ್ಲಿ ನೀ ಸುಪರ್ವೈಜರ್, ಮನ್ಯಾಗ ನಾ. ನೆನಪಿಟ್ಕೋ!" ಎಂದು ಇಡೀ ಲೈನಿಗೆ ಕೇಳುವ ಹಾಗೆ ಕೂಗುವಳು. ಅವಳ ಬಾಯಿಗೆ ಹೆದರದವರು ಆ ಹಾಲಿನಲ್ಲಿ ಯಾರೂ ಇರಲಿಲ್ಲ, ಅವಳ ಬಾಯಿ ಇಲ್ಲದಿದ್ದರೆ ಆ ಹಾಲಿನಲ್ಲಿ ಹೊತ್ತೂ ಹೋಗುತ್ತಿರಲಿಲ್ಲ.

ಆ ಬಾಯಲ್ಲಿ, ಎಡಗೆನ್ನೆಯ ಒಳಮಗ್ಗುಲಿಗೆ, ಆಗಲೇ ತೊಗರಿಬೇಳೆಯಷ್ಟು ದೊಡ್ಡ ಬಿಳಿ ಗಾಯವೊಂದಿತ್ತು. ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆಗಲೇ ಒಬ್ಬ ಡಾಕ್ಟರು ನೋಡಿದ್ದರೆ ಅವಳ ದವಡೆ ಉಳಿಯುತ್ತಿತ್ತು. ಡಾಕ್ಟರೇನು ದೂರ ಇದ್ದರೇ? ನಮ್ಮ ಹಾಲಿಗೇ ಬಂದು, ಅವಳ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಆದರೂ ನೋಡಲಾಗಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಆ ವಿಮೆಯನ್ನು ಹೇಗೆ ಕಟ್ಟಿದರು ಎಂದು ಮೊದಲು ಹೇಳಬೇಕು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವವರೆಗೆ ಕಾದು ಬರೆಯುವ ತಾಳ್ಮೆಯೂ ನನಗಿಲ್ಲ.

ವಿಮೆಯ ನಿಯಮ ಗೊತ್ತುಮಾಡಲು ಒಂದು ಕಮಿಟಿ ಮಾಡಿದರು. ಮೈಸೂರು ಕಡೆಯಿಂದ ಬಂದಿದ್ದ ಸಿಬ್ಬಂದಿ ಅಧಿಕಾರಿ, ಗಂಡಸರ ಪರವಾಗಿ ಕಟಿಂಗ್ ಮಾಸ್ತರ, ಹೆಂಗಸರ ಪರವಾಗಿ ನಾನು. ಕೊಲ್ಹಾಪುರದಿಂದ ವಿಮೆಯ ಏಜೆಂಟ ಬಂದಿದ್ದ. ಮನುಷ್ಯ ಕೆಟ್ಟವನಲ್ಲ. ಮೇಜಿನ ಮೇಲಿದ್ದ ನೀರಿನ ತಂಬಿಗೆಯನ್ನು ನಮ್ಮ ಮುಂದೆ ಎಳೆದುಕೊಂಡು ಪಾಠ ಮಾಡಿದ.

"ಬಘಾ ಮ್ಯಾಡಮ್, ಇದು ಗಡಗಿ ಅಂತ ತಿಳ್ಕೋರಿ. ಕಂಪನಿ ಇದ್ರಾಗ ದೊಡ್ಡ ಪಾಲ ಹಾಕ್ತೈತಿ, ನೀವೆಲ್ಲಾರೂ ತಿಂಗಳಾ ಒಂದೊಂದ ಚಮಚಾ ಹಾಕ್ತೀರಿ. ಯಾರ ಹಲ್ಲ ಕೆಡ್ತಾವು, ಅವ್ರು ಇದ್ರಾಗಿಂದ ತಗೋತಾರ. ಆದ್ರ ಮೊದಲ್ನೇ ದಿನಾನ ಎಲ್ಲಾರೂ ಪಾತೇಲಿ ಹಿಡ್ಕೊಂಡ ಬಂದ್ರ ಏನಾಗ್ತೈತಿ? ಗಡಗಿ ಖಾಲಿ. ಅದಕ್ಕ ಪಾಯರಿ ಮಾಡ್ಬೇಕು."

ಪಾಯರಿ ಅಂದರೆ ಮೆಟ್ಟಿಲು. ಮೊದಲನೇ ಮೆಟ್ಟಿಲು ತಪಾಸಣೆ ಮತ್ತು ಹಲ್ಲು ಶುಚಿ ಮಾಡುವುದು. ಅದು ಮೊದಲ ದಿನದಿಂದಲೇ, ಪೂರ್ತಿ ಪುಕ್ಕಟೆ. ಎರಡನೆಯದು ಹುಳುಕು ತುಂಬುವುದು ಮತ್ತು ಹಲ್ಲು ಕೀಳುವುದು. ಅದಕ್ಕೆ ಮೂರು ತಿಂಗಳು ಕಾಯಬೇಕು, ಖರ್ಚಿನ ಮುಕ್ಕಾಲು ಪಾಲು ವಿಮೆಯದು. ಮೂರನೆಯದು ಬೇರಿನ ಚಿಕಿತ್ಸೆ, ಕ್ಯಾಪು, ಕಟ್ಟಿಸಿದ ಹಲ್ಲು, ಮಕ್ಕಳ ವಕ್ರ ಹಲ್ಲಿಗೆ ತಂತಿ. ಅದಕ್ಕೆ ಒಂದು ವರ್ಷ ಕಾಯಬೇಕು, ವಿಮೆಯದು ಅರ್ಧ. ಇದೆಲ್ಲದರ ಮೇಲೆ, ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚಿಲ್ಲ ಎಂಬ ಒಂದು ಮಿತಿ. ಕುಟುಂಬ ಅಂದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಅಪ್ಪ, ಅವ್ವ, ಅತ್ತೆ, ಮಾವ ಇಲ್ಲ.

"ಹಲ್ಲ ಹೋದವ್ರನ್ನ ಹೊರಗ ಹಾಕಿ, ಹಲ್ಲ ಗಟ್ಟಿ ಇದ್ದವ್ರಿಗೆ ವಿಮಾ ಕೊಡೂದೇನ್ರಿ?" ಎಂದು ಕೇಳಿದೆ.

ಏಜೆಂಟ ಬೇಸರ ಮಾಡಿಕೊಳ್ಳದೆ ನಕ್ಕ. "ವಿಮಾ ಅಂದ್ರನ ಹಂಗ್ರಿ ಮ್ಯಾಡಮ್," ಎಂದ.

ಅಧಿಕಾರಿ ಆಗ ಒಂದು ಮಾತು ತೆಗೆದರು. ತಂಬಾಕು ಬಳಸುವವರನ್ನು ವಿಮೆಯಿಂದ ಹೊರಗಿಟ್ಟರೆ ಕಂಪನಿಯ ಪಾಲು ಕಡಿಮೆಯಾಗುತ್ತದೆ ಎಂದರು. ನಾನು ನಗಬಾರದಿತ್ತು, ಆದರೆ ನಗು ತಡೆಯಲಾಗಲಿಲ್ಲ. ನಿಪ್ಪಾಣಿಯ ಸುತ್ತ ತಂಬಾಕಿನಲ್ಲೇ ಹುಟ್ಟಿ ತಂಬಾಕಿನಲ್ಲೇ ಬೆಳೆದ ಜನ ನಾವು. "ಸರ್, ಹಂಗ ಮಾಡಿದ್ರ ವಿಮಾದಾಗ ನೀವೊಬ್ರ ಉಳೀತೀರಿ," ಎಂದೆ. ಕಟಿಂಗ್ ಮಾಸ್ತರನೂ ತನ್ನ ಜೇಬಿನ ತಂಬಾಕಿನ ಚಂಚಿಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡು ಹೌದೆಂದ. ಆ ನಿಯಮ ಬಿದ್ದುಹೋಯಿತು. ಆದರೆ ಗಡಿಗೆ ಅಷ್ಟೇ ಇತ್ತಲ್ಲ, ಒಂದನ್ನು ಒಳಗೆ ಬಿಟ್ಟರೆ ಇನ್ನೊಂದನ್ನು ಹೊರಗೆ ಇಡಬೇಕು. ಅದರ ಬದಲಿಗೆ ಏಜೆಂಟ ಹೊಸ ನಿಯಮ ತಂದ. ವಿಮೆ ಶುರುವಾಗುವ ಮೊದಲು ಕಂಪನಿಯಲ್ಲೇ ಒಂದು ಕ್ಯಾಂಪು ಮಾಡುವುದು, ಎಲ್ಲರ ಬಾಯಿಯನ್ನೂ ಡಾಕ್ಟರು ನೋಡುವುದು. ಅವತ್ತು ಯಾರ ಬಾಯಲ್ಲಿ ಏನು ಸಿಗುತ್ತದೋ ಅದು ಹಳೆಯ ಬೇನೆ. ಅದಕ್ಕೆ ಎರಡು ವರ್ಷ ವಿಮೆ ಇಲ್ಲ.

"ಅಂದ್ರ ಬಾಯಿ ತೋರ್ಸಿದವ್ರಿಗೆ ಎರಡ ವರ್ಷ ಶಿಕ್ಷಾ. ತೋರ್ಸದವ್ರಿಗೆ?" ಎಂದೆ.

"ತೋರ್ಸದವ್ರು ಯಾರ್ ಇರ್ತಾರ್ರಿ? ಫುಕಟ್ ಐತಿ, ಎಲ್ಲಾರೂ ತೋರಸ್ತಾರ," ಎಂದ ಏಜೆಂಟ.

"ಫುಕಟ್ ಆದ್ರೂ ನಮ್ಮ ಮಂದಿ ಹಂಗ ತೋರ್ಸಂಗಿಲ್ರಿ," ಎಂದೆ. ಮಾಸ್ತರನಿಗೆ ತನ್ನ ಮುಂದಿನ ಹಲ್ಲಿನ ಕ್ಯಾಪಿನ ಚಿಂತೆ, ಅಧಿಕಾರಿಗೆ ಮೀಟಿಂಗ್ ಮುಗಿಸುವ ಚಿಂತೆ. ಚಹಾದ ಕಪ್ಪುಗಳ ಜತೆ ನನ್ನ ಮಾತನ್ನೂ ಎತ್ತಿಕೊಂಡು ಹೋದರು. ನಿಯಮ ಪಾಸಾಯಿತು.

ನಮ್ಮ ಸೀಮೆಯ ಹೆಂಗಸರ ಒಂದು ಚಟದ ಬಗ್ಗೆ ಇಲ್ಲಿ ಹೇಳಬೇಕು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಕುಟ್ಟಿ, ಸಣ್ಣ ಡಬ್ಬಿಯಲ್ಲಿ ತುಂಬಿಡುತ್ತಾರೆ. ಅದರ ಹೆಸರು ಮಶೇರಿ. ಹುರಿಯುವ ದಿನ ಮನೆಯೆಲ್ಲ ಕೆಮ್ಮು. ಬೆಳಿಗ್ಗೆ ಎದ್ದು ತೋರುಬೆರಳಿನಿಂದ ಹಲ್ಲಿಗೆ ತಿಕ್ಕಿದರೆ ಶುರು, ಆಮೇಲೆ ಊಟವಾದ ಮೇಲೆ, ಕೆಲಸದ ನಡುವೆ, ಮನಸ್ಸಿಗೆ ಬೇಜಾರಾದಾಗ. "ತಂಬಾಕು ತಿಂತೀರಾ?" ಎಂದು ಕೇಳಿ ನೋಡಿ, "ಅಯ್ಯ, ಛೇ!" ಎಂದು ಮುಖ ತಿರುಗಿಸುತ್ತಾರೆ. ಅವರ ಪಾಲಿಗೆ ಅದು ಹಲ್ಲುಪುಡಿ. ಗಂಡಸರದು ಚಟ, ತಮ್ಮದು ಸ್ವಚ್ಛತೆ. ವೈನಿಗೆ ಇದನ್ನು ಕಲಿಸಿದ್ದು ಅವಳ ಅವ್ವ, ಹುಡುಗಿಯಾಗಿದ್ದಾಗ ಹಲ್ಲುನೋವು ಬಂತೆಂದು. ನೋವು ನಿಂತಿತು, ಮಶೇರಿ ನಿಲ್ಲಲಿಲ್ಲ.

ಕ್ಯಾಂಪಿನ ಸುದ್ದಿಗಿಂತ ಮುಂಚೆ ಎರಡು ವರ್ಷದ ಸುದ್ದಿ ಬಸ್ಸಿನೊಳಗೆ ಹಬ್ಬಿತು. ಯಾರು ಹಬ್ಬಿಸಿದರೋ ದೇವರಿಗೇ ಗೊತ್ತು. "ಹುಳುಕ ಹಲ್ಲ ಸಿಕ್ತಂದ್ರ ಎರಡ ವರ್ಷ ಕಟ್ಟಂತ. ಏನೂ ಸಿಗ್ಲಿಲ್ಲಂದ್ರ ಮೂರ ತಿಂಗಳಿಗೇ ಕೊಡ್ತಾರಂತ." ಹೆಂಗಸರ ಲೆಕ್ಕ ನೇರವಾಗಿತ್ತು, ತಪ್ಪೂ ಆಗಿರಲಿಲ್ಲ. ನಿಯಮವೇ ಹಾಗಿತ್ತು. ಈಗ ಬಾಯಿ ಮುಚ್ಚಿಕೊಂಡರೆ ಮುಂದೆ ಲಾಭ. ಹಾಗಾದರೆ ಡಾಕ್ಟರ ಮುಂದೆ ಬಾಯಿ ಮುಚ್ಚಿಕೊಳ್ಳುವುದು ಹೇಗೆ?

ಉಪಾಯವನ್ನು ಅಧಿಕಾರಿಯೇ ಕೈಗೆ ಕೊಟ್ಟರು. ಕ್ಯಾಂಪನ್ನು ಅಂಗಾರಕ ಸಂಕಷ್ಟಿಯ ದಿನ ಇಟ್ಟರು. ಅವರಿಗೆ ಅದೊಂದು ಮಂಗಳವಾರ ಅಷ್ಟೇ. ನಮ್ಮ ಕಡೆ ಅವತ್ತು ಚಂದ್ರ ಕಾಣುವವರೆಗೆ ಕಡಕ್ ಉಪವಾಸ. ನಿಜವಾಗಿ ಮಾಡುವವರು ಇದ್ದೇ ಇರುತ್ತಾರೆ, ಆದರೆ ಅವತ್ತು ಇಡೀ ಹಾಲಿನ ಹೆಂಗಸರೆಲ್ಲ ಗಣಪತಿಯ ಭಕ್ತರಾದರು. ನಿಪ್ಪಾಣಿಯಿಂದ ಬಂದಿದ್ದ ಹಲ್ಲಿನ ಡಾಕ್ಟರು ಎಳೆ ವಯಸ್ಸಿನ ಹೆಣ್ಣುಮಗಳು. ಕೈಗವಸು ಹಾಕಿಕೊಂಡು, ಸಣ್ಣ ಕನ್ನಡಿ ಹಿಡಿದು ಕೂತಿದ್ದರೆ, ಒಬ್ಬೊಬ್ಬಳೇ ಬಂದು ಕೈ ಮುಗಿಯುತ್ತಿದ್ದಳು. "ಇವತ್ತ ಉಪಾಸ ಐತ್ರಿ, ಬಾಯಾಗ ಏನೂ ಹಾಕಿಸ್ಕೊಳ್ಳಂಗಿಲ್ರಿ." "ತ್ರಾಸ ಏನರ ಐತೇನವಾ?" "ಏನಿಲ್ರಿ, ಹಲ್ಲ ಕಲ್ಲಿದ್ದಂಗ ಅದಾವು." ತ್ರಾಸಿಲ್ಲ ಎಂದು ಬರೆದುಕೊಂಡು ಮುಂದಿನವಳನ್ನು ಕರೆಯುವುದು. ಹಿಂದಿನ ಬಾಗಿಲಲ್ಲಿ ಅದೇ ಭಕ್ತೆಯರು ನಿಂತು, ಹಸಿವು ಆಗಬಾರದೆಂದು ಮಶೇರಿ ತಿಕ್ಕುತ್ತಿದ್ದರು. ಮಶೇರಿಯಿಂದ ಉಪವಾಸ ಮುರಿಯುವುದಿಲ್ಲ, ಡಾಕ್ಟರ ಕನ್ನಡಿಯಿಂದ ಮುರಿಯುತ್ತದೆ! ಎಂಥ ಶಾಸ್ತ್ರವೋ.

ವೈನಿ ಜನ್ಮದಲ್ಲಿ ಉಪವಾಸ ಮಾಡಿದವಳಲ್ಲ. ಹಸಿವು ತಡೆಯದ ಹೆಂಗಸು. ಅವತ್ತು ಅವಳೂ ಕೈ ಮುಗಿದದ್ದನ್ನು ಕಂಡು, "ಇದ್ಯಾವಾಗ ಭಕ್ತಿ ಉಕ್ಕೇತಿ ವೈನಿ?" ಎಂದೆ. "ಗಣಪ್ಪ ಕನಸಿನ್ಯಾಗ ಬಂದಿದ್ದ ಬೇ. ಬಾಯಿ ಮುಚ್ಚಕೊಂಡ ಬದುಕಂದ," ಎಂದು ಕಣ್ಣು ಹೊಡೆದಳು. ಇಬ್ಬರೂ ನಕ್ಕೆವು. ಹಾಳಾದ ನಗು ಅದು.

ಅವಳ ಲೆಕ್ಕ ಏನಿತ್ತೆಂದು ಆಮೇಲೆ ಮಿರಜದ ದವಾಖಾನೆಯಲ್ಲಿ ಹೇಳಿದಳು. ಎಡಗಡೆ ಮೇಲಿನ ದವಡೆಹಲ್ಲು ಮುರಿದು ಅಂಚು ಚೂಪಾಗಿತ್ತು. ಅದು ತಿಕ್ಕಿ ತಿಕ್ಕಿ ಗಾಯವಾಗಿದೆ ಎಂದುಕೊಂಡಿದ್ದಳು. ಕೀಳಿಸಿದರೆ ಮೂರು ತಿಂಗಳಿಗೇ ಆಗುತ್ತಿತ್ತು. ಆದರೆ ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬುದು ನಮ್ಮ ಕಡೆ ಮುದುಕಿಯರಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ನಂಬುವ ಮಾತು. ಕಾಲರ್ ಹೊಲಿಯುವವಳಿಗೆ ಕಣ್ಣೇ ಅನ್ನ. ಹಾಗಾಗಿ ಕೀಳಿಸುವುದು ಬೇಡ, ಕ್ಯಾಪು ಹಾಕಿಸಿದರೆ ಅಂಚು ಮುಚ್ಚುತ್ತದೆ, ಗಾಯ ತಾನೇ ಮಾಯುತ್ತದೆ. ಕ್ಯಾಪಿಗೆ ಒಂದು ವರ್ಷ. ಅವಳು ನಿಯಮದ ಪ್ರಕಾರ ಕಾದಳು. ಉರಿ ಜಾಸ್ತಿಯಾದಾಗ ಮಶೇರಿ ಜಾಸ್ತಿ ಮಾಡಿದಳು, ಯಾಕೆಂದರೆ ತಿಕ್ಕಿದ ಮೇಲೆ ಅಲ್ಲಿ ಜೋಮು ಹಿಡಿದು ನೋವು ಗೊತ್ತಾಗುತ್ತಿರಲಿಲ್ಲ.

ಮನೆಯಲ್ಲಿ ಅವಳು ಕೆಂಪು ಖಾರ ಬಿಟ್ಟಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದಳು. ಕೇಳಿದರೆ "ಪಿತ್ತ ಆಗೇತಿ" ಎನ್ನುವಳು. ಅಣ್ಣ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತ ಮನೆಗೆ ಬರುವುದೇ ಕಡಿಮೆ, ಅವನಿಗೆ ಏನು ತಿಳಿಯಬೇಕು? ನನ್ನ ಕಣ್ಣಿಗೆ ಬಿದ್ದದ್ದು ಕಂಪನಿಯಲ್ಲಿ. ಹೊಲಿಯುವವರು ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ. ಕೂಡದು ಎಂದು ನಾವು ಬೈಯುತ್ತೇವೆ, ಕತ್ತರಿಯನ್ನೂ ಕೊಡುತ್ತೇವೆ, ಅವರು ಹಲ್ಲಿನಿಂದಲೇ ಕಡಿಯುತ್ತಾರೆ. ವೈನಿ ಅಂತೂ ಅದರಲ್ಲಿ ಮೊದಲಿಗಳು. ಒಂದು ದಿನ ನೋಡಿದರೆ ಪ್ರತಿ ಕಾಲರಿಗೂ ಕತ್ತರಿ ಎತ್ತಿಕೊಳ್ಳುತ್ತಿದ್ದಳು. ಸೂಪರ್‌ವೈಸರಿಗೆ ಅದು ಸಂತೋಷದ ವಿಷಯ, ನಾದಿನಿಗಲ್ಲ. ಬುತ್ತಿಯ ಹೊತ್ತಿಗೆ ಅವಳನ್ನು ಬಟ್ಟೆ ಬಂಡಲುಗಳ ಹಿಂದೆ ಎಳೆದುಕೊಂಡು ಹೋದೆ.

"ಬಾಯಿ ತಗಿ."

"ನಿನ್ನ ಮುಂದ ಯಾಕ ತಗೀಲಿ? ನೀ ಏನ್ ಡಾಕ್ಟರಾ?"

"ತಗೀತೀಯೋ ಇಲ್ಲೋ ವೈನಿ! ಅಣ್ಣನ ಆಣಿ ಐತಿ."

ತೆಗೆದಳು. ತೆಗೆದಳು ಅಂದರೆ ಎರಡು ಬೆರಳು ಹೋಗುವಷ್ಟು, ಅದಕ್ಕಿಂತ ಮುಂದೆ ಬಾಯಿ ಬರಲೇ ಇಲ್ಲ. ಮೊಬೈಲಿನ ಬೆಳಕು ಹಿಡಿದು ನೋಡಿದೆ. ಎಡಗೆನ್ನೆಯ ಒಳಗೆಲ್ಲ ಹೂಕೋಸಿನ ಹಾಗೆ ಗಡ್ಡೆಗಟ್ಟಿ, ನಡುವೆ ಕೆಂಪಗೆ ಒಡೆದಿತ್ತು. ವಾಸನೆ ಬಂತು. ನಾನು ಡಾಕ್ಟರಲ್ಲ, ಆದರೂ ಅದು ಹಲ್ಲಿನ ಅಂಚಿನ ಗಾಯವಲ್ಲ ಎಂದು ನನಗೆ ತಿಳಿಯಿತು. "ಇನ್ನ ಸ್ವಲ್ಪ ದಿನ ಬೇ, ವರ್ಷ ತುಂಬಾಕ ಬಂತು, ಕ್ಯಾಪ್ ಹಾಕಿಸ್ತೀನಿ," ಎಂದಳು. ನಾನು ಅವಳನ್ನು ಬೈದೆ, ಅತ್ತೆ, ಮತ್ತೆ ಬೈದೆ.

ಮರುದಿನ ನಿಪ್ಪಾಣಿಗೆ, ಕ್ಯಾಂಪಿಗೆ ಬಂದಿದ್ದ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹಲ್ಲನ್ನು ಮುಟ್ಟಲೇ ಇಲ್ಲ. ಕೆನ್ನೆ ನೋಡಿದರು, ಕುತ್ತಿಗೆಯ ಗಂಟು ಒತ್ತಿ ನೋಡಿದರು, ಕೈಗವಸು ತೆಗೆದರು. ವೈನಿಯನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು.

"ಮಿರಜಕ್ಕ ಹೋಗ್ರಿ, ಇವತ್ತ ಹೋಗ್ರಿ. ಕ್ಯಾಂಪಿನಾಗ ನಾ ಇವ್ರನ್ನ ನೋಡಿದ್ದಿಲ್ಲೇನು?"

"ಉಪಾಸ ಅಂತ ಬಾಯಿ ತಗೀಲಿಲ್ರಿ," ಎಂದೆ.

ಡಾಕ್ಟರು ಕುರ್ಚಿಯಲ್ಲಿ ಕೂತುಬಿಟ್ಟರು. "ಅಯ್ಯೋ ದೇವರಽ," ಎಂದರು.

ಮಿರಜದಲ್ಲಿ ತುಂಡು ತೆಗೆದು ತಪಾಸಣೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ದವಾಖಾನೆಯ ಖರ್ಚು ಸರಕಾರಿ ಕಾರ್ಡಿನಲ್ಲಿ ಹೋಯಿತು, ಅದಕ್ಕೆ ಯಾರನ್ನೂ ಬೈಯಲಾರೆ. ಆದರೆ ಹೋದ ತಿಂಗಳುಗಳನ್ನು ಯಾವ ಕಾರ್ಡು ತಂದುಕೊಡುತ್ತದೆ? ದೊಡ್ಡ ಡಾಕ್ಟರು ಮರಾಠಿಯಲ್ಲಿ ಅಣ್ಣನಿಗೆ ತಿಳಿಸಿ ಹೇಳಿದರು. ವರ್ಷದ ಹಿಂದೆ ಬಂದಿದ್ದರೆ ಒಂದು ಸಣ್ಣ ಆಪರೇಷನ್ನಿನಲ್ಲಿ ಮುಗಿಯುತ್ತಿತ್ತು. ಈಗ ಕೆನ್ನೆ, ಎಡಗಡೆಯ ದವಡೆ, ಕುತ್ತಿಗೆಯ ಗಂಟುಗಳು, ನಾಲಿಗೆಯ ಒಂದು ಮಗ್ಗುಲು ಎಲ್ಲವನ್ನೂ ತೆಗೆಯಬೇಕು, ಎದೆಯ ಮಾಂಸ ತಂದು ಅಲ್ಲಿ ಮುಚ್ಚಬೇಕು. ಅಣ್ಣ "ಹೋ ಸಾಹೇಬ, ಹೋ ಸಾಹೇಬ" ಎಂದು ತಲೆಯಾಡಿಸುತ್ತಲೇ ಇದ್ದ. ಹೊರಗೆ ಬಂದು, "ಏನಂದ್ರು?" ಎಂದು ನನ್ನನ್ನು ಕೇಳಿದ. ಅವನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ.

ಆಪರೇಷನ್ನಿನ ಹಿಂದಿನ ಸಂಜೆ ವೈನಿ ಬಹಳ ಮಾತಾಡಿದಳು. ನಾಳೆಯಿಂದ ಮಾತು ಹೋಗುತ್ತದೆ ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದರು. ಪಕ್ಕದ ಹಾಸಿಗೆಯವಳ ಸೊಸೆಗೆ ಬುದ್ಧಿ ಹೇಳಿದಳು, ನರ್ಸಿಗೆ ವರ ಹುಡುಕಿಕೊಟ್ಟಳು, ಅಣ್ಣನಿಗೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ಅಡುಗೆಮನೆಯೆಲ್ಲ ಒಪ್ಪಿಸಿದಳು. ಕಡೆಗೆ ನನ್ನ ಕಡೆ ತಿರುಗಿ, "ನೀ ಸಿಟ್ಟ ಕಡಿಮಿ ಮಾಡ್ಕೋ ಬೇ. ಇನ್ನ ಮ್ಯಾಲ ನಿನಗ ಎದರ ಮಾತಾಡಾಕ ನಾ ಇರಂಗಿಲ್ಲ," ಎಂದಳು. ನನಗೆ ಸಹಿಸಲಾಗಲಿಲ್ಲ, ಎದ್ದು ನಳದ ಹತ್ತಿರ ಹೋಗಿ ಅತ್ತೆ.

ಆಪರೇಷನ್ ಆಗಿ, ಮೂಗಿನಲ್ಲಿ ನಳಿಗೆ ಹಾಕಿಸಿಕೊಂಡು ಅವಳು ಮಲಗಿದ್ದಾಗ ಅವಳ ಮೊಬೈಲಿಗೆ ವಿಮೆಯವರ ಸಂದೇಶ ಬಂತು. ಕಾಯುವ ಅವಧಿ ಮುಗಿದಿದೆ, ಇನ್ನು ಮೇಲೆ ನೀವು ಕ್ಯಾಪು ಹಾಕಿಸಿಕೊಳ್ಳಬಹುದು. ಆ ಹಲ್ಲನ್ನೂ, ಅದಿದ್ದ ಜಾಗವನ್ನೂ ಕೊಯ್ದು ತೆಗೆದಾಗಿತ್ತು. ಮೊಬೈಲನ್ನು ಗೋಡೆಗೆ ಒಗೆಯಬೇಕೆನಿಸಿತು. ಅವಳದಲ್ಲವೇ ಎಂದು ಸಂದೇಶವನ್ನಷ್ಟೇ ಅಳಿಸಿಹಾಕಿದೆ.

ಅವಳ ಮಷೀನಿಗೆ ರಾಯಬಾಗ ಕಡೆಯ ಒಬ್ಬಳನ್ನು ಹಿಂದಿನ ಲೈನಿನಿಂದ ತಂದು ಕೂರಿಸಿದೆವು. ಎರಡು ಸಣ್ಣ ಮಕ್ಕಳ ತಾಯಿ, ಮಾತು ಕಡಿಮೆ, ಕೈ ಚುರುಕು. ಆ ಕುರ್ಚಿಯಲ್ಲಿ ಕೂರಲು ಮೊದಮೊದಲು ಹೆದರುತ್ತಿದ್ದಳು. ಬಸ್ಸಿನಲ್ಲಿ ದಿನಾ ವೈನಿಯ ಸುದ್ದಿ ಕೇಳುವವಳು ಅವಳೇ. "ಉಣ್ಣಾಕ ಬರ್ತೈತೇನ್ರಿ ಅವ್ರಿಗೆ? ಮಾತ ತಿಳೀತೈತೇನ್ರಿ?" ಎಂದು ಒಂದೊಂದನ್ನೂ ಕೇಳುತ್ತಿದ್ದಳು. ವೈನಿಯ ಮೇಲೆ ಇವಳಿಗೆ ಎಷ್ಟು ಕಕ್ಕುಲಾತಿ ಎಂದು ನಾನು ಅಂದುಕೊಳ್ಳುತ್ತಿದ್ದೆ.

ವಿಮೆಯ ವರ್ಷ ಮುಗಿದು ಕಮಿಟಿ ಮತ್ತೆ ಕೂತಿತು. ಏಜೆಂಟ ಖುಷಿಯಲ್ಲಿದ್ದ. "ನಿಮ್ಮ ಪ್ಲಾನ್ ಭಾಳ ಛಲೋ ನಡದೈತ್ರಿ. ಕ್ಯಾಂಪಿನಾಗ ಹಳೇ ಬ್ಯಾನಿ ಬಹುತೇಕ ಇಲ್ಲ. ಗಡಗಿ ತುಂಬೇತಿ."

ಅದನ್ನು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ವೈನಿಯ ಕಥೆಯನ್ನು ಒಂದೂ ಬಿಡದೆ ಹೇಳಿದೆ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ತುಂಬಾ ಬೇಜಾರಾಗುತ್ತೆ. ಆದ್ರೆ ತಂಬಾಕು ಅವರೇ ತಾನೇ ಬಳಸಿದ್ದು? ಅದಕ್ಕೆ ಕಂಪನಿ ಏನು ಮಾಡೋಕಾಗುತ್ತೆ?"

"ತಂಬಾಕ ಅಕಿ ಬಾಯಿ ಕೆಡಸ್ತು, ಒಪ್ಪಿದೆ ಸರ್. ಆದ್ರ ಡಾಕ್ಟರ ಮುಂದ ಬಂದ ನಿಂತಾಗ ಅಕಿ ಬಾಯಿ ಮುಚ್ಚಿಸಿದ್ದು ಯಾರು? ಈ ಕಮಿಟಿ! ಬ್ಯಾನಿ ತೋರ್ಸಿದವ್ರಿಗೆ ದಂಡ, ಮುಚ್ಚಿಟ್ಟವ್ರಿಗೆ ಇನಾಮು. ಇಂಥಾ ನಿಯಮ ನಮ್ಮ ಸಂತ್ಯಾಗ ಎಮ್ಮಿ ಮಾರಾವ್ರೂ ಮಾಡಂಗಿಲ್ರಿ."

ಏಜೆಂಟ ತಂಬಿಗೆಯನ್ನು ನೋಡುತ್ತ, "ಮಂದಿ ಹಿಂಗ ಮಾಡ್ತಾರ ಅಂತ ನಮ್ಮ ಲೆಕ್ಕದಾಗ ಇರ್ಲಿಲ್ರಿ ಮ್ಯಾಡಮ್," ಎಂದ. ನಿಜವೇ ಹೇಳಿದ ಅನಿಸುತ್ತದೆ. ಅವರ ಲೆಕ್ಕದಲ್ಲಿ ಹಲ್ಲುಗಳಿದ್ದವು, ಹಲ್ಲಿನ ಹಿಂದೆ ಒಬ್ಬ ಮನುಷ್ಯ ಕೂತು ತನ್ನ ಲೆಕ್ಕ ಹಾಕುತ್ತಾನೆ ಎಂಬುದು ಇರಲಿಲ್ಲ.

ನಿಯಮ ಬದಲಾಯಿತು. ಕ್ಯಾಂಪಿನಲ್ಲಿ ಸಿಕ್ಕಿದ್ದಕ್ಕೆ ಕಾಯುವುದೇನಿಲ್ಲ, ಅವತ್ತಿನಿಂದಲೇ ಚಿಕಿತ್ಸೆ. ಬಾಯಲ್ಲಿ ಗಾಯ ಕಂಡರೆ ಮಿರಜಕ್ಕೋ ಬೆಳಗಾವಿಗೋ ಕಳಿಸುವ ವ್ಯವಸ್ಥೆ ಕಂಪನಿಯದು. ಗಡಿಗೆಯಿಂದ ಇದಕ್ಕೂ ಏನನ್ನಾದರೂ ಹೊರಗೆ ತೆಗೆಯಬೇಕಲ್ಲ. ಮಾಸ್ತರ ತನ್ನ ಕ್ಯಾಪಿನ ಪಾಲು ಬಿಡಲು ಒಪ್ಪಲಿಲ್ಲ. ಮಕ್ಕಳ ವಕ್ರ ಹಲ್ಲಿಗೆ ತಂತಿ ಕಟ್ಟಿಸುವುದನ್ನು ತೆಗೆದರು. ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು.

ಹೊಸ ನಿಯಮವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿ ಊಟದ ಕೋಣೆಯ ಗೋಡೆಗೆ ಹಚ್ಚಿದೆವು. ನಾನು ಒಂದೊಂದು ಟೇಬಲ್ಲಿಗೂ ಹೋಗಿ ಓದಿ ಹೇಳಿದೆ. ಹೆಂಗಸರು ತಲೆಯಾಡಿಸಿದರು, ನಂಬಲಿಲ್ಲ. "ನೀವ ಹೇಳ್ತೀರಿ ಅಕ್ಕಾರ, ಒಳಗ ಏನ ಬರಕೊಂಡಾರೋ ಯಾರಿಗ್ಗೊತ್ತು," ಎಂದರು. ಒಮ್ಮೆ ಮೋಸ ಹೋದವರನ್ನು ಗೋಡೆಯ ಕಾಗದದಿಂದ ನಂಬಿಸಲು ಆಗುತ್ತದೆಯೇ? ಈ ಸಲ ಹಬ್ಬವಿಲ್ಲ, ಉಪವಾಸವಿಲ್ಲ, ನಾನೇ ಪಂಚಾಂಗ ನೋಡಿ ದಿನ ಹೇಳಿದ್ದೆ. ಆದರೂ ಕ್ಯಾಂಪಿನ ಮುಂಜಾನೆ ಒಬ್ಬಳಿಗೆ ತಲೆನೋವು, ಒಬ್ಬಳಿಗೆ ವಾಂತಿ, ಒಬ್ಬಳಿಗೆ ತವರಿನಲ್ಲಿ ಸೂತಕ.

ಆ ಮುಂಜಾನೆ ನಾನು ಮನೆಯಿಂದ ಹೊರಡುವಾಗ ವೈನಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಮಾತು ಈಗ ಮಾತಲ್ಲ, ಗಂಟಲಿನ ಸದ್ದು. ಮನೆಯಲ್ಲಿ ನನಗೆ ಮಾತ್ರ ಅಷ್ಟಿಷ್ಟು ತಿಳಿಯುತ್ತದೆ. ತಾನೂ ಬರುತ್ತೇನೆ ಎಂದಳು. "ಬ್ಯಾಡ ವೈನಿ, ಮಂದಿ ನೋಡ್ತಾರ," ಎಂದೆ. ನೋಡಲಿ ಎಂದೇ ಬರುತ್ತಿದ್ದೇನೆ ಎಂದು ಕೈಯಲ್ಲಿ ತೋರಿಸಿದಳು. ಬಸ್ಸಿನಲ್ಲಿ ಸೆರಗಿನಿಂದ ಮುಖದ ಅರ್ಧ ಮುಚ್ಚಿಕೊಂಡು ನನ್ನ ಪಕ್ಕದಲ್ಲಿ ಕೂತಳು.

ಹಾಲಿನಲ್ಲಿ ಸಾಲು ನಿಂತಿತ್ತು, ಮುಂದೆ ಮಾತ್ರ ಸರಿಯುತ್ತಿರಲಿಲ್ಲ. ಅದೇ ಡಾಕ್ಟರು, ಅದೇ ಕನ್ನಡಿ. ವೈನಿ ನೇರವಾಗಿ ಹೋಗಿ ಸಾಲಿನ ಮುಂದೆ ನಿಂತಳು, ಸೆರಗು ತೆಗೆದಳು. ಎಡಗಡೆ ಮುಖವೇ ಇರಲಿಲ್ಲ. ದವಡೆ ಇದ್ದ ಕಡೆ ಒಳಗೆ ಎಳೆದುಕೊಂಡ ಚರ್ಮ, ಎದೆಯಿಂದ ತಂದು ಹಚ್ಚಿದ ತೇಪೆ, ತುಟಿಯ ಮೂಲೆಯಿಂದ ನಿಲ್ಲದೆ ಸೋರುವ ಜೊಲ್ಲು. ಅದನ್ನೂ ಒರೆಸಿಕೊಳ್ಳಲಿಲ್ಲ. ಒಬ್ಬೊಬ್ಬರ ಮುಂದೆಯೂ ಒಂದು ಗಳಿಗೆ ನಿಂತು, ನೋಡಿಸಿ, ಮುಂದಿನವಳ ಹತ್ತಿರ ಹೋದಳು. ಹಾಲಿನಲ್ಲಿ ಯಾರೋ ಬಿಕ್ಕಿದರು. ಅವಳನ್ನು ಮ್ಯಾಡಮ್ಮಿಗಿಂತ ಜೋರಿನವಳು ಎಂದು ಕರೆಯುತ್ತಿದ್ದ ಹೆಂಗಸರು ತಲೆ ತಗ್ಗಿಸಿದರು.

ವೈನಿಯ ಮಷೀನಿಗೆ ಬಂದವಳು ಸಾಲು ಬಿಟ್ಟು ಬಾಗಿಲ ಕಡೆ ಸರಿಯುವುದನ್ನು ನಾನು ನೋಡಿದೆ. ನನಗಿಂತ ಮೊದಲು ವೈನಿ ನೋಡಿದ್ದಳು. ಹೋಗಿ ಅವಳ ಮಣಿಕಟ್ಟು ಹಿಡಿದಳು.

"ಬಿಡ್ರಿ ವೈನಿ, ನನಗೇನೂ ಆಗಿಲ್ರಿ. ಖರೇನ ಏನೂ ಇಲ್ರಿ!" ಎಂದು ಅವಳು ಅಳತೊಡಗಿದಳು. ವೈನಿ ಬಿಡಲಿಲ್ಲ. ಕರೆತಂದು ಡಾಕ್ಟರ ಮುಂದಿನ ಕುರ್ಚಿಯಲ್ಲಿ ಕೂರಿಸಿದಳು, ಪಕ್ಕದಲ್ಲೇ ನಿಂತಳು. ಆಕೆ ಕಣ್ಣು ಮುಚ್ಚಿ ಬಾಯಿ ತೆರೆದಳು.

ಡಾಕ್ಟರು ಕನ್ನಡಿ ಇಟ್ಟು ನೋಡಿದರು. ದೀಪವನ್ನು ಹತ್ತಿರ ಎಳೆದುಕೊಂಡು ಇನ್ನೊಮ್ಮೆ ನೋಡಿದರು. ಕನ್ನಡಿ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, "ಯಾವಾಗಿಂದ ಐತವಾ ಇದು?"

ಅವಳು ಡಾಕ್ಟರನ್ನು ನೋಡಲಿಲ್ಲ, ಕಮಿಟಿಯವಳಾದ ನನ್ನನ್ನು ನೋಡಿದಳು.

"ಹೋದ ಕ್ಯಾಂಪಿಗಿಂತ ಮದಲಿಂದಽ ಐತ್ರಿ. ಹೇಳಿದ್ರ ಎರಡ ವರ್ಷ ಕಾಯಬೇಕ ಅಂದಿದ್ರಲ್ರಿ."

ವೈನಿ ಅವಳ ಕೈ ಬಿಡಲಿಲ್ಲ. ಡಾಕ್ಟರು ಮಿರಜಕ್ಕೆ ಚೀಟಿ ಬರೆಯತೊಡಗಿದರು. ನಾನು ಸಾಲಿನ ಕಡೆ ಹೋಗಿ ಮುಂದಿನವಳನ್ನು ಕರೆದೆ.